ನಿಂಬೆಹುಲ್ಲು ಮತ್ತು ಅದರ ಜೊತೆಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಿಂಬೆಹುಲ್ಲನ್ನು ಒಂಟಿಯಾಗಿ ಬೆಳೆಸುವುದು ಸುಲಭ. ಪಕ್ಕದಲ್ಲಿ ಇನ್ನೊಂದು ಗಿಡ ಇಟ್ಟು ಎರಡನ್ನೂ ಚೆನ್ನಾಗಿ ಬೆಳೆಸಬೇಕು ಅಂದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಜೊತೆಗಿಡದ ಮಾತು ಬಂದ ಕೂಡಲೇ ಹೆಚ್ಚಿನವರು ವಾಸನೆ ಹಿಡಿದುಕೊಳ್ಳುತ್ತಾರೆ. ಇದರ ವಾಸನೆಗೆ ಆ ಹುಳ ಬರಲ್ಲ, ಅದರ ವಾಸನೆಗೆ ಈ ಹುಳ ಬರಲ್ಲ ಅಂತ. ನಾನು ಮೊದಲು ನೋಡುವುದು ಬಿಸಿಲು, ನೀರು ಮತ್ತು ಜಾಗ. ಈ ಮೂರು ಹೊಂದಿದರೆ ಗಿಡಗಳು ಹೊಂದುತ್ತವೆ. ಹೊಂದದಿದ್ದರೆ ಎಂಥ ವಾಸನೆ ಇದ್ದರೂ ಒಂದು ಗಿಡ ಸೊರಗುತ್ತದೆ. ಕೆಳಗಿನ ಉತ್ತರಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ನಿಂಬೆಹುಲ್ಲು, ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ ಎಲ್ಲ ಒಂದೇನಾ?

ಮೊದಲ ಎರಡು ಒಂದೇ. ಸಿಟ್ರೊನೆಲ್ಲಾ ಬೇರೆ, ಆದರೆ ಹತ್ತಿರದ ನೆಂಟ. ಎಲ್ಲವೂ ಸಿಂಬೊಪೊಗಾನ್ ಎಂಬ ಕುಲಕ್ಕೆ ಸೇರಿದ ಹುಲ್ಲುಗಳು. ಅಡುಗೆಗೆ, ಚಹಾಕ್ಕೆ ಬಳಸುವುದು ಹೆಚ್ಚಾಗಿ ಸಿಂಬೊಪೊಗಾನ್ ಸಿಟ್ರೇಟಸ್. ಎಣ್ಣೆ ತೆಗೆಯಲು ಸಿಂಬೊಪೊಗಾನ್ ಫ್ಲೆಕ್ಸುವೊಸಸ್ ಅನ್ನೂ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಾರೆ. ಈ ಎರಡರಲ್ಲೂ ನಿಂಬೆಯ ಪರಿಮಳ ಕೊಡುವುದು ಸಿಟ್ರಾಲ್ ಎಂಬ ಅಂಶ. ಸಿಟ್ರೊನೆಲ್ಲಾ ಹುಲ್ಲಿನ ವಾಸನೆ ಇನ್ನೂ ಗಾಢ, ಸೋಪಿನ ವಾಸನೆಗೆ ಹತ್ತಿರ. ಅದರ ದಂಟಿನ ಬುಡ ಸಾಮಾನ್ಯವಾಗಿ ಕೆಂಪು ಅಥವಾ ನೇರಳೆ ಛಾಯೆ ಹೊಂದಿರುತ್ತದೆ. ಅಡುಗೆಯ ನಿಂಬೆಹುಲ್ಲಿನ ಬುಡ ಸಾಮಾನ್ಯವಾಗಿ ತಿಳಿಹಸಿರು ಅಥವಾ ಬೆಳ್ಳಗೆ ಇರುತ್ತದೆ. ಅಡುಗೆಗೆ ಬೇಕಿದ್ದರೆ ಕೊಳ್ಳುವ ಮೊದಲು ಬುಡ ನೋಡಿ, ಒಂದು ಎಲೆ ಹಿಸುಕಿ ಮೂಸಿ. ತೋಟದಲ್ಲಿ ಬೆಳೆಸುವ ಕ್ರಮ ಮಾತ್ರ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ.

ಎಷ್ಟು ದೊಡ್ಡದಾಗುತ್ತದೆ? ಎಷ್ಟು ಜಾಗ ಬಿಡಬೇಕು?

ತಾಪತ್ರಯ ಶುರುವಾಗುವುದೇ ಇಲ್ಲಿ. ನೆಡುವಾಗ ಕೈಯಲ್ಲಿರುವುದು ಪೆನ್ಸಿಲ್ ದಪ್ಪದ ಒಂದೆರಡು ದಂಟು. ಅದನ್ನು ನೋಡಿ ಒಂದು ಗೇಣು ಜಾಗ ಸಾಕು ಅನ್ನಿಸುತ್ತದೆ. ಬಿಸಿಲು, ನೀರು ಸಿಕ್ಕಿದರೆ ಒಂದೇ ವರ್ಷದಲ್ಲಿ ಹತ್ತಾರು ತೆಂಡೆ (ಬುಡದಿಂದ ಏಳುವ ಹೊಸ ದಂಟು) ಒಡೆದು ಪೊದೆಯಾಗುತ್ತದೆ. ಎತ್ತರ ಒಂದರಿಂದ ಒಂದೂವರೆ ಮೀಟರ್, ಕೆಲವು ಸಲ ಅದಕ್ಕೂ ಜಾಸ್ತಿ. ಎಲೆಗಳು ನೆಟ್ಟಗೆ ನಿಲ್ಲುವುದಿಲ್ಲ. ಅರ್ಧ ಎತ್ತರ ದಾಟಿದ ಮೇಲೆ ಬಾಗಿ ನಾಲ್ಕೂ ಕಡೆ ಕೆಳಗೆ ಬೀಳುತ್ತವೆ. ಹಾಗಾಗಿ ಬುಡ ಚಿಕ್ಕದಾಗಿದ್ದರೂ ಮೇಲಿನ ಹರವು ಒಂದು ಮೀಟರ್ ಆಗಬಹುದು.

ಎರಡು ನಿಂಬೆಹುಲ್ಲಿನ ನಡುವೆ 60ರಿಂದ 90 ಸೆಂಟಿಮೀಟರ್ ಬಿಡಿ. ಬೇರೆ ಗಿಡಕ್ಕೂ ಇದೇ ಲೆಕ್ಕ ಇಟ್ಟುಕೊಳ್ಳಿ. ಒಂದೆರಡು ತಿಂಗಳಲ್ಲಿ ಮುಗಿದುಹೋಗುವ ಸೊಪ್ಪನ್ನು ಮಾತ್ರ ಮೊದಲ ವರ್ಷ ಇನ್ನೂ ಹತ್ತಿರ ಹಾಕಬಹುದು. ಪೊದೆ ಅಗಲವಾಗುವ ಹೊತ್ತಿಗೆ ಸೊಪ್ಪು ಕೊಯ್ದಾಗಿರುತ್ತದೆ.

ಮಣ್ಣಿನ ಕೆಳಗೂ ಜಾಗದ ಪ್ರಶ್ನೆ ಇದೆ. ನಿಂಬೆಹುಲ್ಲಿನ ಬೇರು ಲಾವಂಚದ ಬೇರಿನಂತೆ ಬಹಳ ಆಳಕ್ಕೆ ಹೋಗುವಂಥದ್ದಲ್ಲ. ನಾರಿನಂತೆ ಕವಲೊಡೆದು ಮೇಲ್ಮಣ್ಣಿನಲ್ಲೇ ಒತ್ತಾಗಿ ತುಂಬಿಕೊಳ್ಳುತ್ತದೆ. ಹಳೆಯ ಪೊದೆಯ ಬುಡದಿಂದ ಒಂದು ಗೇಣು ದೂರದಲ್ಲಿ ಕೈಗುದ್ದಲಿ ಹಾಕಿ ನೋಡಿ. ಮಣ್ಣಿಗಿಂತ ಬೇರೇ ಜಾಸ್ತಿ ಬರುತ್ತದೆ. ಅಲ್ಲಿ ಇನ್ನೊಂದು ಎಳೆಯ ಸಸಿ ನೆಟ್ಟರೆ ಅದಕ್ಕೆ ನೀರೂ ಸಿಗುವುದಿಲ್ಲ, ಗೊಬ್ಬರವೂ ಸಿಗುವುದಿಲ್ಲ.

ಎಂಥ ಜಾಗ, ಎಂಥ ಮಣ್ಣು ಬೇಕು?

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು. ನೆರಳಲ್ಲಿ ಸಾಯುವುದಿಲ್ಲ, ಆದರೆ ದಂಟು ಸಣ್ಣಗಾಗುತ್ತದೆ, ಪರಿಮಳವೂ ಕಡಿಮೆ. ನೀರು ಬಸಿದುಹೋಗುವ, ಸಾವಯವ ಗೊಬ್ಬರ ಬೆರೆತ ಯಾವ ಮಣ್ಣಾದರೂ ಆದೀತು. ನೀರು ನಿಲ್ಲುವ ಜಾಗ ಮಾತ್ರ ಬೇಡ, ಬುಡ ಕೊಳೆಯುತ್ತದೆ.

ಹಾಗಾದರೆ ಜೊತೆಗಿಡ ಆರಿಸುವುದು ಹೇಗೆ?

ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಗಿಡಕ್ಕೂ ಇಷ್ಟೇ ನೀರು ಬೇಕಾ? ಹುಲ್ಲಿನ ನೆರಳು ಬೀಳುವ ಕಡೆ ಇಡುತ್ತಿದ್ದೀರಾ, ಬೀಳದ ಕಡೆನಾ? ಹುಲ್ಲು ಮುಂದಿನ ವರ್ಷ ಎರಡರಷ್ಟಾದಾಗ ಆ ಗಿಡ ಎಲ್ಲಿರುತ್ತದೆ?

ಎರಡನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಪೊದೆಯ ನೆರಳು ಎಲ್ಲಿ ಬೀಳುತ್ತದೆ ಅಂತ ನೋಡಿ ಕಡ್ಡಿ ನೆಟ್ಟು ಗುರುತು ಮಾಡಿ. ಪೂರ್ತಿ ಬಿಸಿಲು ಕೇಳುವ ಗಿಡಗಳಿಗೆ ನೆರಳು ಬೀಳದ ಕಡೆ ಜಾಗ ಕೊಡಿ. ಪೊದೆಯ ಪೂರ್ವದ ಬದಿಯಲ್ಲಿ ಬೆಳಗಿನ ಬಿಸಿಲು ಸಿಕ್ಕಿ ಇಳಿಮಧ್ಯಾಹ್ನ ನೆರಳು ಬರುತ್ತದೆ. ಸುಡುಬಿಸಿಲು ತಡೆಯದ ಸೊಪ್ಪುಗಳಿಗೆ ಅದು ಒಳ್ಳೆಯ ಜಾಗ. ಬಿಸಿಲು ಜೋರಾಗಿದ್ದಾಗ ಕೊತ್ತಂಬರಿ ಬೇಗ ಹೂವಿಗೆ ಹೋಗಿಬಿಡುತ್ತದೆ ಅಲ್ವಾ? ಇಲ್ಲಿ ಸ್ವಲ್ಪ ದಿನ ಹೆಚ್ಚು ಸೊಪ್ಪು ಕೊಡುತ್ತದೆ.

ಯಾವ ಗಿಡಗಳು ಚೆನ್ನಾಗಿ ಹೊಂದುತ್ತವೆ?

ನನಗೆ ತುಂಬ ಇಷ್ಟವಾದ ಜೋಡಿ ಕಾಮಕಸ್ತೂರಿ. ಬಿಸಿಲು, ಬೆಚ್ಚಗಿನ ಹವೆ, ಬಿಡದೆ ಸಿಗುವ ತೇವ — ನಿಂಬೆಹುಲ್ಲು ಕೇಳುವುದನ್ನೇ ಇದೂ ಕೇಳುತ್ತದೆ. ಗಿಡ ಮೊಣಕಾಲೆತ್ತರದಲ್ಲೇ ನಿಲ್ಲುತ್ತದೆ. ಸೊಪ್ಪಿಗಾಗಿ ತುದಿ ಚಿವುಟುತ್ತಿರುತ್ತೇವೆ. ಒಂದೆರಡು ಗಿಡವನ್ನು ಚಿವುಟದೆ ಹೂವಿಗೆ ಬಿಡಿ, ಜೇನುನೊಣಗಳು ದಿನವಿಡೀ ಬರುತ್ತವೆ. ಇದು ಮುಖ್ಯ, ಯಾಕೆಂದರೆ ನಿಂಬೆಹುಲ್ಲು ಸ್ವತಃ ಜೇನಿಗೆ ಏನೂ ಕೊಡುವುದಿಲ್ಲ. ಸಿಟ್ರೇಟಸ್ ಜಾತಿ ಹೂ ಬಿಡುವುದೇ ಅಪರೂಪ. ಜೇನು ಬಂದರೆ ತೋಟದ ಸೌತೆ, ಕುಂಬಳಕ್ಕೂ ಅನುಕೂಲ. ತುಳಸಿಯನ್ನೂ ಇದೇ ರೀತಿ ಇಡಬಹುದು.

ಚೆಂಡುಹೂವು ಕೂಡ ಒಳ್ಳೆಯದು. ಗಿಡ್ಡ ತಳಿ ಆರಿಸಿ. ತರಕಾರಿಗಳ ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮ ಜಂತುಹುಳುವನ್ನು ಚೆಂಡುಹೂವಿನ ಬೇರು ತಗ್ಗಿಸುತ್ತದೆ ಅನ್ನುವುದು ನಿಜ. ಬೇರಿನಲ್ಲಿರುವ ಆಲ್ಫಾ ಟರ್ತಿಯನಿಲ್ ಎಂಬ ವಸ್ತು ಆ ಕೆಲಸ ಮಾಡುತ್ತದೆ. ಆದರೆ ಮೂಲೆಯಲ್ಲಿ ಎರಡು ಗಿಡ ಇಟ್ಟರೆ ಆಗುವ ಕೆಲಸವಲ್ಲ. ಇಡೀ ಮಡಿಯಲ್ಲಿ ಒತ್ತಾಗಿ ಬೆಳೆಸಿ, ಎರಡು ತಿಂಗಳಾದರೂ ಬೆಳೆಯಲು ಬಿಟ್ಟು, ಆಮೇಲೆ ಅದೇ ಜಾಗದಲ್ಲಿ ತರಕಾರಿ ಹಾಕಿದರೆ ಗುಣ ಕಾಣುತ್ತದೆ.

ಗಿಡ್ಡ ಅಲಸಂದೆ, ಗಿಡ್ಡ ಹುರುಳಿಕಾಯಿ ಸಾರಜನಕ ಹಿಡಿದಿಡುವ ಗಿಡಗಳು. ಹುಲ್ಲಿಗೆ ಬೇಕಾದದ್ದೂ ಸಾರಜನಕವೇ. ಗಿಡ ಬದುಕಿರುವಾಗ ಪಕ್ಕದ ಗಿಡಕ್ಕೆ ಹಂಚುವುದು ಸ್ವಲ್ಪ ಮಾತ್ರ. ಬೇರಿನ ಗಂಟು, ಎಲೆ, ಕಾಂಡ ಮಣ್ಣಿನಲ್ಲಿ ಕೊಳೆತಾಗಲೇ ಹೆಚ್ಚಿನದು ಬಿಡುಗಡೆಯಾಗುತ್ತದೆ. ಆದ್ದರಿಂದ ಕಾಯಿ ಮುಗಿದ ಮೇಲೆ ಗಿಡವನ್ನು ಕಿತ್ತು ಬಿಸಾಡಬೇಡಿ. ನೆಲಮಟ್ಟಕ್ಕೆ ಕತ್ತರಿಸಿ, ಬೇರು ಅಲ್ಲೇ ಬಿಡಿ. ಮೇಲಿನ ಭಾಗವನ್ನು ಹುಲ್ಲಿನ ಬುಡಕ್ಕೆ ಹಾಸಿ.

ಬದನೆ, ಮೆಣಸಿನಕಾಯಿ, ಟೊಮೆಟೊ, ಬೆಂಡೆ ಎಲ್ಲವೂ ಬಿಸಿಲಿನ ಗಿಡಗಳು. ನೀರಿನ ಅಗತ್ಯವೂ ಹೆಚ್ಚುಕಡಿಮೆ ಇಷ್ಟೇ. ಮುಕ್ಕಾಲು ಮೀಟರ್ ದೂರದಲ್ಲಿ, ನೆರಳು ಬೀಳದ ಕಡೆ ಇಡಿ. ಅರಿಶಿನ, ಶುಂಠಿ ಅರೆನೆರಳನ್ನು ತಡೆಯುತ್ತವೆ. ಆದರೆ ಗೆಡ್ಡೆ ಕೀಳುವಾಗ ಮಣ್ಣು ಅಗೆಯಬೇಕಲ್ವಾ? ಹುಲ್ಲಿನ ಬೇರು ಅಲ್ಲಿಗೆ ಬಂದಿದ್ದರೆ ಎರಡಕ್ಕೂ ತೊಂದರೆ. ನಡುವೆ ಓಡಾಡುವಷ್ಟು ಜಾಗ ಬಿಟ್ಟರೆ ಸರಿ.

ಸಬ್ಬಸಿಗೆ, ಕೊತ್ತಂಬರಿಯ ಕೆಲವು ಗಿಡಗಳನ್ನು ಹೂವಿಗೆ ಬಿಡಿ. ಅವುಗಳ ಪುಟ್ಟ ಹೂವಿಗೆ ಪರಭಕ್ಷಕ ನೊಣಗಳು ಬರುತ್ತವೆ. ಗಾಳಿಯಲ್ಲಿ ಒಂದೇ ಕಡೆ ತೇಲಿ ನಿಲ್ಲುವ, ಹೊಟ್ಟೆಯ ಮೇಲೆ ಹಳದಿ-ಕಪ್ಪು ಪಟ್ಟೆಯಿರುವ ನೊಣ ಕಂಡರೆ ಓಡಿಸಬೇಡಿ. ಅದರ ಮರಿಹುಳು ಗಿಡಹೇನನ್ನು ತಿಂದು ಬೆಳೆಯುತ್ತದೆ. ಗುಲಗಂಜಿ ಹುಳುವಿನ ಊಟವೂ ಅದೇ.

ಯಾವುದನ್ನು ಪಕ್ಕದಲ್ಲಿ ಇಡಬಾರದು?

ರೋಸ್‌ಮೆರಿ, ಲ್ಯಾವೆಂಡರ್, ಥೈಮ್. ಇವು ಪರಿಮಳದ ಗಿಡಗಳೆಂದು ಒಟ್ಟಿಗೆ ಇಡುವವರು ಬಹಳ. ಆದರೆ ಇವಕ್ಕೆ ಒಣ ಮಣ್ಣು ಬೇಕು, ನಿಂಬೆಹುಲ್ಲಿಗೆ ತೇವ ಬೇಕು. ಒಂದಕ್ಕೆ ಸರಿಯಾಗಿ ನೀರು ಹಾಕಿದರೆ ಇನ್ನೊಂದಕ್ಕೆ ತಪ್ಪಾಗುತ್ತದೆ. ಕಳ್ಳಿ, ಲೋಳೆಸರದ್ದೂ ಇದೇ ಕಥೆ.

ಹಂಬುಗಳನ್ನು ದೂರವಿಡಿ. ಸೌತೆ, ಹಾಗಲದ ಬಳ್ಳಿ ಹುಲ್ಲಿನ ಎಲೆಗಳನ್ನೇ ಹಿಡಿದು ಹತ್ತುತ್ತದೆ. ಆಮೇಲೆ ಹುಲ್ಲು ಕೊಯ್ಯುವುದು ಹೇಗೆ?

ಪುದೀನಕ್ಕೆ ನೀರು ಇಷ್ಟ, ಆ ಮಟ್ಟಿಗೆ ಹೊಂದುತ್ತದೆ. ಆದರೆ ನೆಲದಡಿಯ ಕಾಂಡಗಳಿಂದ ಹರಡಿ ಹುಲ್ಲಿನ ಬುಡದೊಳಗೇ ನುಗ್ಗುತ್ತದೆ. ಒಮ್ಮೆ ನುಗ್ಗಿದರೆ ಬಿಡಿಸುವುದು ಕಷ್ಟ. ಪುದೀನ ಬೇಕಿದ್ದರೆ ಕುಂಡದಲ್ಲಿ ಬೆಳೆಸಿ, ಕುಂಡವನ್ನು ಪಕ್ಕಕ್ಕೆ ಇಡಿ.

ಸಣ್ಣ ಬೀಜದ ಸೊಪ್ಪುಗಳನ್ನು ಹುಲ್ಲಿನ ಬುಡಕ್ಕೇ ಬಿತ್ತಬೇಡಿ. ನಿಂಬೆಹುಲ್ಲಿನ ಎಣ್ಣೆ, ಎಲೆಯ ರಸ ಬೀಜ ಮೊಳೆಯುವುದನ್ನು ತಡೆಯುತ್ತದೆ ಎಂದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡಿದೆ. ಬೆಳೆದ ಸಸಿ ತಂದು ನೆಟ್ಟರೆ ಆ ಚಿಂತೆ ಇಲ್ಲ.

ಟೊಮೆಟೊ, ಮೆಣಸಿನಕಾಯಿ ಪಕ್ಕ ನೆಟ್ಟರೆ ಬಿಳಿನೊಣ, ಗಿಡಹೇನು ಬರುವುದಿಲ್ಲವಂತೆ, ನಿಜನಾ?

ಒಂದು ಪೊದೆ ನೆಟ್ಟು ಅಂಥ ಫಲ ನಿರೀಕ್ಷಿಸಬೇಡಿ. ಕಾರಣ ಹುಲ್ಲಿನ ಒಳರಚನೆಯಲ್ಲೇ ಇದೆ. ಕಾಮಕಸ್ತೂರಿಯ ಎಣ್ಣೆ ಎಲೆಯ ಮೇಲ್ಮೈಯ ಸೂಕ್ಷ್ಮ ಗ್ರಂಥಿಗಳಲ್ಲಿ ಇರುತ್ತದೆ, ಸುಮ್ನೆ ಸವರಿದರೂ ಪರಿಮಳ ಬರುತ್ತದೆ. ನಿಂಬೆಹುಲ್ಲಿನ ಎಣ್ಣೆ ಎಲೆಯ ಒಳಗಿನ ಜೀವಕೋಶಗಳಲ್ಲಿ ಮುಚ್ಚಿಕೊಂಡಿರುತ್ತದೆ. ಎಲೆಯನ್ನು ಹಿಸುಕಬೇಕು, ಹರಿಯಬೇಕು, ಇಲ್ಲವೇ ಕತ್ತರಿಸಬೇಕು. ಆಗ ಮಾತ್ರ ಚೆನ್ನಾಗಿ ಹೊರಬರುತ್ತದೆ. ಸುಮ್ಮನೆ ನಿಂತ ಪೊದೆಯ ಪಕ್ಕ ನಿಂತು ಮೂಸಿ ನೋಡಿ, ಏನೂ ತಿಳಿಯುವುದಿಲ್ಲ.

ಹಾಗಂತ ವಾಸನೆಯ ಹುಲ್ಲು ಕೀಟ ತಡೆಯುವುದೆಲ್ಲ ಸುಳ್ಳು ಅಂತಲ್ಲ. 1990ರ ದಶಕದಲ್ಲಿ ಕೀನ್ಯಾದಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಮೊಲಾಸಿಸ್ ಹುಲ್ಲು ಎಂಬ ವಾಸನೆಯ ಹುಲ್ಲನ್ನು ಬೆಳೆಸಿದಾಗ ಕಾಂಡಕೊರಕದ ಕಾಟ ಇಳಿಯಿತು. ಕಾಂಡಕೊರಕದ ಮರಿಹುಳುವಿನೊಳಗೆ ಮೊಟ್ಟೆ ಇಡುವ ಪುಟ್ಟ ಕಣಜಗಳು ಹೊಲಕ್ಕೆ ಹೆಚ್ಚು ಬಂದವು. ಗಮನಿಸಬೇಕಾದ್ದು ಏನೆಂದರೆ, ಅದು ಬೇರೆ ಹುಲ್ಲು, ಹೊಲದ ಉದ್ದಕ್ಕೂ ಸಾಲು ಸಾಲಾಗಿ ಬೆಳೆದದ್ದು, ಒಂದು ನಿರ್ದಿಷ್ಟ ಕೀಟಕ್ಕೆ ಆದ ಫಲ. ಅದನ್ನು ತಂದು ಹಿತ್ತಲಿನ ಒಂದು ಪೊದೆಗೆ ಅನ್ವಯಿಸಲು ಬರುವುದಿಲ್ಲ.

ಬಿಳಿನೊಣ, ಗಿಡಹೇನು ಬಂದರೆ ಎಲೆಯ ಅಡಿಭಾಗವನ್ನು ದಿನಾ ನೋಡಿ. ನೀರನ್ನು ರಭಸವಾಗಿ ಹಾಯಿಸಿ ತೊಳೆಯಿರಿ, ಹೆಚ್ಚು ಹಿಡಿದ ಎಲೆ ಕಿತ್ತುಹಾಕಿ. ಮೇಲೆ ಹೇಳಿದ ಹೂಗಿಡಗಳು ಇದ್ದರೆ ಪರಭಕ್ಷಕ ಹುಳಗಳು ಉಳಿದ ಕೆಲಸಕ್ಕೆ ಕೈಜೋಡಿಸುತ್ತವೆ.

ಈ ಹುಲ್ಲಿದ್ದರೆ ಸೊಳ್ಳೆ, ಹಾವು ಬರುವುದಿಲ್ಲವಂತೆ, ನಿಜನಾ?

ಸೊಳ್ಳೆಯ ಮಾತೂ ಅಷ್ಟೇ, ಎಣ್ಣೆ ಎಲೆಯ ಒಳಗೇ ಇರುತ್ತದೆ. ತೆಗೆದ ಎಣ್ಣೆ ಸೊಳ್ಳೆಯನ್ನು ಸ್ವಲ್ಪ ಹೊತ್ತು ದೂರ ಇಡುತ್ತದೆ, ಬೇಗ ಆರಿಹೋಗುತ್ತದೆ. ನೆಟ್ಟ ಗಿಡದಿಂದ ಆ ರಕ್ಷಣೆ ಸಿಗುವುದಿಲ್ಲ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಟ್ಟರೆ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತದೆ. ಆ ನೀರು ಚೆಲ್ಲುವುದೇ ದೊಡ್ಡ ಉಪಾಯ.

ಹಾವಿನ ವಿಷಯದಲ್ಲಿ ಹುಷಾರಾಗಿರಿ. ಈ ಹುಲ್ಲಿಗೆ ಹಾವು ಬರುವುದಿಲ್ಲ ಎಂದು ನಂಬಿ ಬುಡಕ್ಕೆ ಕೈ ಹಾಕಬೇಡಿ. ಒತ್ತಾದ ಪೊದೆ ತಂಪಾಗಿರುತ್ತದೆ, ಇಲಿ, ಕಪ್ಪೆ ಸೇರಿಕೊಳ್ಳುತ್ತವೆ. ಅವು ಇರುವಲ್ಲಿಗೆ ಹಾವೂ ಬರಬಹುದು. ಒಣ ಎಲೆ ತೆಗೆದು ಬುಡ ಚೊಕ್ಕಟವಾಗಿಡಿ, ಕೊಯ್ಯುವ ಮೊದಲು ಕೋಲಿನಿಂದ ತಟ್ಟಿ.

ನೆಡುವುದು ಹೇಗೆ? ಬೀಜ ಸಿಗುತ್ತದಾ?

ಸಿಟ್ರೇಟಸ್ ಬೀಜ ಸಿಗುವುದು ಕಷ್ಟ. ತೆಂಡೆಯಿಂದಲೇ ಬೆಳೆಸುವುದು ವಾಡಿಕೆ. ಬೆಳೆದ ಪೊದೆಯಿಂದ ಬೇರು ಸಮೇತ ಒಂದೆರಡು ದಂಟು ಬಿಡಿಸಿಕೊಳ್ಳಿ. ಎಲೆಗಳನ್ನು ಒಂದು ಗೇಣಿಗೆ ಕತ್ತರಿಸಿ. ಬೇರು ಇನ್ನೂ ಹಿಡಿಯದಿರುವಾಗ ಉದ್ದ ಎಲೆ ಕತ್ತರಿಸದೆ ಹಾಗೇ ಇದ್ದರೆ ನೀರು ಆವಿಯಾಗಿ ದಂಟು ಬಾಡುತ್ತದೆ. ಬುಡದ ಬಿಳಿ ಭಾಗ ಮುಚ್ಚುವಷ್ಟು ಆಳ ಸಾಕು. ಬೆಚ್ಚಗಿನ ದಿನಗಳು ಶುರುವಾದಾಗ ನೆಟ್ಟರೆ ಬೇಗ ಹಿಡಿಯುತ್ತದೆ.

ಅಡುಗೆಗೆ ತಂದ ದಂಟು ಬೇರು ಬಿಡುತ್ತದಾ?

ಬಿಡುತ್ತದೆ, ಬುಡದ ಗಟ್ಟಿ ಗಂಟು ಇರಬೇಕು ಅಷ್ಟೇ. ಆ ಗಂಟನ್ನು ಕತ್ತರಿಸಿ ತೆಗೆದಿದ್ದರೆ ಎಷ್ಟು ದಿನ ಕಾದರೂ ಬೇರು ಬರುವುದಿಲ್ಲ. ಲೋಟದಲ್ಲಿ ಎರಡು ಬೆರಳು ನೀರಿಟ್ಟು ನಿಲ್ಲಿಸಿ, ದಿನ ಬಿಟ್ಟು ದಿನ ನೀರು ಬದಲಿಸಿ. ಒಂದೆರಡು ವಾರದಲ್ಲಿ ಬುಡದಿಂದ ಬಿಳಿ ಬೇರು ಇಣುಕುತ್ತದೆ. ಅದು ಬೆರಳುದ್ದ ಆದಾಗ ಮಣ್ಣಿಗೆ ಹಾಕಿ.

ನೀರು, ಗೊಬ್ಬರವನ್ನು ಎಲ್ಲ ಗಿಡಗಳಿಗೂ ಒಂದೇ ಥರ ಕೊಡಬಹುದಾ?

ನೀರನ್ನು ಕೊಡಬಹುದು. ಒಂದು ಇಂಚು ಆಳಕ್ಕೆ ಬೆರಳಿಟ್ಟು ನೋಡಿ, ಒಣಗಿದ್ದರೆ ಹಾಕಿ. ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ.

ಗೊಬ್ಬರ ಮಾತ್ರ ಬೇರೆ ಬೇರೆ. ಹುಲ್ಲಿನಿಂದ ನಮಗೆ ಬೇಕಾದ್ದು ಎಲೆ, ಹಾಗಾಗಿ ಅದು ಸಾರಜನಕ ಜಾಸ್ತಿ ಕೇಳುತ್ತದೆ. ಅದೇ ಪ್ರಮಾಣ ಟೊಮೆಟೊಗೆ ಸಿಕ್ಕರೆ ಗಿಡ ಸೊಂಪಾಗಿ ಸೊಪ್ಪು ಬಿಟ್ಟು ಕಾಯಿ ಕಡಿಮೆಯಾಗುತ್ತದೆ. ಹುಲ್ಲು ಕೊಯ್ದ ಪ್ರತಿ ಸಲ ಅದರ ಬುಡದ ಸುತ್ತ ಮಾತ್ರ ಎರಡು ಮೂರು ಹಿಡಿ ಎರೆಗೊಬ್ಬರ ಅಥವಾ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣು ಎಳೆಯಿರಿ.

ಕುಂಡದಲ್ಲಿ ಜೊತೆಗಿಡ ಸಾಧ್ಯನಾ?

ಒಂದೇ ಕುಂಡದಲ್ಲಿ ಬೇಡ. ಮೊದಲ ಕೆಲವು ತಿಂಗಳು ಚಂದ ಕಾಣುತ್ತದೆ, ಆಮೇಲೆ ಹುಲ್ಲಿನ ಬೇರು ಕುಂಡ ತುಂಬಿಬಿಡುತ್ತದೆ. ಹುಲ್ಲಿಗೆ 30 ಸೆಂಟಿಮೀಟರ್‌ಗಿಂತ ಕಡಿಮೆಯಿಲ್ಲದ ಅಗಲ, ಅಷ್ಟೇ ಆಳದ ಕುಂಡ ಕೊಡಿ. ಕಾಮಕಸ್ತೂರಿ, ಚೆಂಡುಹೂವಿನ ಕುಂಡಗಳನ್ನು ಸುತ್ತ ಜೋಡಿಸಿ. ನೆರಳು ಹೆಚ್ಚಾದರೆ ಕುಂಡ ಸರಿಸಬಹುದು, ನೆಲದ ಗಿಡಕ್ಕೆ ಆ ಅನುಕೂಲ ಇಲ್ಲ.

ಯಾವಾಗ, ಹೇಗೆ ಕೊಯ್ಯಬೇಕು?

ನೆಟ್ಟು ನಾಲ್ಕರಿಂದ ಆರು ತಿಂಗಳಿಗೆ ಮೊದಲ ಕೊಯ್ಲು. ಎಲೆಗಾದರೆ ನೆಲದಿಂದ 10–15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ದಂಟಿಗಾದರೆ ಹೊರಗಿನ, ಬೆರಳು ದಪ್ಪದ್ದನ್ನು ಆರಿಸಿ, ಬುಡದಲ್ಲಿ ಹಿಡಿದು ತಿರುಚಿ ಕೀಳಿ. ಎಲೆಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿವೆ. ತುದಿಯಿಂದ ಬುಡದ ಕಡೆಗೆ ಬೆರಳು ಎಳೆದರೆ ಚರ್ಮ ಸೀಳುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ.

ಕೊಯ್ಲಿನಿಂದ ಜೊತೆಗಿಡಗಳಿಗೆ ಒಂದು ದೊಡ್ಡ ಲಾಭ ಇದೆ, ಇದನ್ನು ಹೆಚ್ಚು ಜನ ಬಳಸಿಕೊಳ್ಳುವುದಿಲ್ಲ. ಪೊದೆ ಕತ್ತರಿಸಿದ ದಿನದಿಂದ ಕೆಲವು ವಾರ ಸುತ್ತಲಿನ ಜಾಗಕ್ಕೆ ಪೂರ್ತಿ ಬಿಸಿಲು ಬೀಳುತ್ತದೆ. ಹೊಸ ಸಸಿ ನೆಡುವುದನ್ನು ಆ ದಿನಕ್ಕೆ ಹೊಂದಿಸಿಕೊಳ್ಳಿ. ಹುಲ್ಲು ಮತ್ತೆ ಎದ್ದು ಬಾಗುವ ಹೊತ್ತಿಗೆ ಸಸಿ ಬೇರು ಬಿಟ್ಟು ಗಟ್ಟಿಯಾಗಿರುತ್ತದೆ.

ಕೊಯ್ದ ಎಲೆ ಮಿಕ್ಕರೆ ಏನು ಮಾಡುವುದು?

ಒಣಗಿಸಿ ಮುಚ್ಚಿಗೆಗೆ ಬಳಸಿ. ತರಕಾರಿ ಗಿಡದ ಬುಡಕ್ಕೆ ಎರಡು ಮೂರು ಬೆರಳು ದಪ್ಪ ಹಾಸಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ. ಬೀಜ ಬಿತ್ತಿದ ಮಡಿಗೆ ಹಸಿ ಎಲೆ ಹಾಕಬೇಡಿ.

ಪೊದೆಯ ನಡುಭಾಗ ಒಣಗಿದೆ. ಸತ್ತುಹೋಯಿತಾ?

ಇಲ್ಲ. ಹೊಸ ತೆಂಡೆಗಳು ಹೊರಬದಿಯಲ್ಲಿ ಬರುತ್ತವೆ, ಹಳೆಯವು ನಡುವೆ ಉಳಿದು ಒಣಗುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಪೊದೆ ಬಿಡಿಸಿ ನೆಡಬೇಕು ಅನ್ನುವ ಸೂಚನೆ ಅದು. ಹಿಂದಿನ ದಿನ ಚೆನ್ನಾಗಿ ನೀರು ಹಾಕಿ. ಎಲೆಗಳನ್ನು ಗಿಡ್ಡಕ್ಕೆ ಕತ್ತರಿಸಿ. ಸುತ್ತಲೂ ಗುದ್ದಲಿ ಹಾಕಿ ಇಡೀ ಬುಡವನ್ನು ಎತ್ತಿ. ಕೈಯಿಂದ ಬಿಡಿಸಲು ಬಾರದಷ್ಟು ಗಟ್ಟಿಯಿದ್ದರೆ ಗುದ್ದಲಿಯಿಂದಲೇ ನಾಲ್ಕು ಹೋಳು ಮಾಡಿ. ಕೆಲವು ತೆಂಡೆ ಹಾಳಾದರೂ ಚಿಂತೆಯಿಲ್ಲ. ಒಣಗಿದ ನಡುಭಾಗವನ್ನು ಕಾಂಪೋಸ್ಟಿಗೆ ಹಾಕಿ, ಹೊರಬದಿಯ ಬಲವಾದ ತೆಂಡೆಗಳನ್ನು ಮತ್ತೆ ನೆಡಿ. ಸುತ್ತಲಿನ ಜೊತೆಗಿಡಗಳನ್ನು ಬದಲಾಯಿಸಲೂ ಇದೇ ಸರಿಯಾದ ಸಮಯ, ಯಾಕೆಂದರೆ ಮಣ್ಣು ಸಡಿಲವಾಗಿರುತ್ತದೆ.

ಎಲೆಯ ಮೇಲೆ ಕಂದು ಗೀಟು ಬಂದಿವೆ, ಇದು ಜೊತೆಗಿಡಕ್ಕೂ ಹರಡುತ್ತದಾ?

ಕಂದು ಗೀಟು, ಎಲೆಯ ಅಡಿಯಲ್ಲಿ ಬೆರಳಿಗೆ ಹತ್ತುವ ಕೆಂಗಂದು ಪುಡಿ ಇದ್ದರೆ ಅದು ತುಕ್ಕು ರೋಗ. ತುಕ್ಕು ರೋಗದ ಶಿಲೀಂಧ್ರಗಳು ತಮಗೆ ಬೇಕಾದ ಗಿಡವನ್ನೇ ಆರಿಸುತ್ತವೆ. ನಿಂಬೆಹುಲ್ಲಿನ ತುಕ್ಕು ನಿಮ್ಮ ಟೊಮೆಟೊಗಾಗಲಿ, ಕಾಮಕಸ್ತೂರಿಗಾಗಲಿ ಬರುವುದಿಲ್ಲ. ಪಕ್ಕದ ನಿಂಬೆಹುಲ್ಲಿಗೆ ಹರಡುತ್ತದೆ. ಹಿಡಿದ ಎಲೆಗಳನ್ನು ಕತ್ತರಿಸಿ ತೋಟದಿಂದ ಹೊರಗೆ ಹಾಕಿ. ಜೊತೆಗಿಡಗಳು ತೀರಾ ಒತ್ತಾಗಿ ಗಾಳಿ ಆಡದಂತಾಗಿದ್ದರೆ ಕೆಲವನ್ನು ತೆಗೆಯಿರಿ. ಎಲೆ ಒದ್ದೆಯಾಗಿ ಉಳಿದಷ್ಟೂ ಈ ರೋಗ ಹೆಚ್ಚುತ್ತದೆ.

ಬರೀ ತುದಿ ಒಣಗಿದ್ದರೆ ರೋಗವಲ್ಲ, ಹೆಚ್ಚಾಗಿ ನೀರು ಸಾಲದಾಗಿದೆ.

ಚಳಿ ಜೋರಾಗಿರುವ ಕಡೆ ಬದುಕುತ್ತದಾ?

ಹಿಮಕ್ಕೆ ಎಲೆ ಸುಟ್ಟುಹೋಗುತ್ತದೆ. ಚಳಿ ಬರುವ ಮೊದಲೇ ಕೆಲವು ತೆಂಡೆ ಕಿತ್ತು ಕುಂಡದಲ್ಲಿ ಹಾಕಿ, ಬೆಳಕಿರುವ ಒಳಜಾಗಕ್ಕೆ ತನ್ನಿ. ಆಗ ನೀರು ಬಹಳ ಕಡಿಮೆ ಸಾಕು.

ಬೆಕ್ಕು, ನಾಯಿ ಕಡಿದು ತಿಂದರೆ?

ಬೆಕ್ಕುಗಳಿಗೆ ಈ ಹುಲ್ಲು ಇಷ್ಟ. ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ, ವಾಂತಿ ಮಾಡಬಹುದು. ಎಣ್ಣೆಯನ್ನಂತೂ ಅವುಗಳಿಗೆ ಸಿಗದಂತೆ ಇಡಿ. ಬೆಕ್ಕು ಬಿಡದೆ ಕಾಡಿದರೆ ಅದಕ್ಕೇ ಅಂತ ಒಂದು ತಟ್ಟೆಯಲ್ಲಿ ಗೋಧಿ ಮೊಳಕೆ ಬೆಳೆಸಿ ಕೊಡಿ.

ತೋಟವಿಡೀ ಹಬ್ಬಿಬಿಡುತ್ತದಾ?

ಇಲ್ಲ. ಗರಿಕೆಯ ಹಾಗೆ ನೆಲದ ಮೇಲೆ ಓಡುವ ಹುಲ್ಲಲ್ಲ ಇದು. ಇದ್ದಲ್ಲೇ ಅಗಲವಾಗುತ್ತದೆ. ಹಾಗಾಗಿ ಮಡಿಯ ಅಂಚಿನಲ್ಲಿ, ಇಳಿಜಾರಿನ ಬದುವಿನ ಮೇಲೆ ಸಾಲಾಗಿ ನೆಡಬಹುದು, ಅಲ್ಲಿ ಒತ್ತಾದ ಬೇರು ಮಣ್ಣನ್ನು ಹಿಡಿದಿಡುತ್ತದೆ. ಸಾಲಿನ ಮೇಲ್ಬದಿಯಲ್ಲಿ ಕೊಚ್ಚಿ ಬಂದ ಮಣ್ಣು ಸೇರಿಕೊಳ್ಳುತ್ತದೆ. ಮುಕ್ಕಾಲು ಮೀಟರ್ ಬಿಟ್ಟು ಅಲ್ಲಿ ಅಲಸಂದೆ ಹಾಕಿ, ಚೆನ್ನಾಗಿ ಬರುತ್ತದೆ.